ಅಮ್ಮನ ವಾಸದ ಏರ್ಪಾಡಿಗೆ ಮಧ್ಯಸ್ಥಿಕೆ: ನಾವು ಪಡೆದ ಸೇವೆ

ತಂದೆಯವರು ತೀರಿಕೊಂಡ ಮೇಲೆ ಅಮ್ಮ ಮೈಸೂರಿನ ಮನೆಯಲ್ಲೇ ಇರಬೇಕೋ, ಬೆಂಗಳೂರಿಗೆ ಮಕ್ಕಳ ಬಳಿ ಬರಬೇಕೋ ಎಂಬ ವಿಷಯದಲ್ಲಿ ಒಡಹುಟ್ಟಿದವರ ನಡುವೆ ಮಾತೇ ನಿಂತುಹೋಗುವ ಹಂತ ಬಂದಾಗ, ಒಂದು ಖಾಸಗಿ ಮಧ್ಯಸ್ಥಿಕೆ ಸೇವೆಯ ನೆರವು ಪಡೆದೆವು. ಮಧ್ಯಸ್ಥಿಕೆ ವಹಿಸಿದ್ದ ಹಿರಿಯ ವಕೀಲೆ ಮೊದಲು ಅಮ್ಮನೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿಸಿದ್ದು ಈ ಸೇವೆಯ ದೊಡ್ಡ ಗುಣ. ನಮ್ಮೆದುರು ‘ನೀವು ಹೇಗೆ ಹೇಳಿದರೆ ಹಾಗೆ’ ಎನ್ನುತ್ತಿದ್ದ ಅಮ್ಮ, ಬೆಳಗಿನ ದೇವಸ್ಥಾನ, ಪರಿಚಯದ ಡಾಕ್ಟರು, ತಮ್ಮದೇ ಅಡುಗೆಮನೆ ಇವನ್ನು ಬಿಟ್ಟು ಬರಲಾರೆನೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದರು.

ಜೊತೆಗಿರುವ ಸಹಾಯಕಿಯ ಸಂಬಳ ಅಣ್ಣನದು, ಔಷಧಿಯ ಖರ್ಚು ನನ್ನದು, ವಾರಾಂತ್ಯದ ಭೇಟಿ ಸರದಿಯಂತೆ ಎಂದು ಒಪ್ಪಂದವಾಯಿತು. ಅಮ್ಮನ ಆರೋಗ್ಯ ಬದಲಾದರೆ ಮತ್ತೆ ಕೂತು ಮಾತನಾಡಬೇಕೆಂಬ ಷರತ್ತೂ ಅದರಲ್ಲಿದೆ. ಮನೆಯನ್ನು ಮಕ್ಕಳ ಹೆಸರಿಗೆ ಬರೆಯುವ ಮಾತು ಬಂದಾಗ, ಆರೈಕೆಯ ಷರತ್ತನ್ನು ದಾನಪತ್ರದಲ್ಲೇ ಬರೆಸುವುದು ಕ್ಷೇಮವೆಂದೂ, ಅದನ್ನು ಪಾಲಿಸದಿದ್ದರೆ ವರ್ಗಾವಣೆಯನ್ನು ಅನೂರ್ಜಿತಗೊಳಿಸಲು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಲ್ಲಿ ಅವಕಾಶವಿದೆಯೆಂದೂ ಆ ವಕೀಲೆ ವಿವರಿಸಿದರು. ಮಧ್ಯಸ್ಥಿಕೆಯಲ್ಲಿ ನಡೆದ ಮಾತುಕತೆ ಗೋಪ್ಯವಾಗಿ ಉಳಿಯುತ್ತದೆ ಎಂಬುದು ಅಮ್ಮನಿಗೆ ಬಹಳ ಧೈರ್ಯ ಕೊಟ್ಟಿತು.

ಶುಲ್ಕವನ್ನು ಮೊದಲೇ ಬರಹದಲ್ಲಿ ತಿಳಿಸದಿದ್ದುದು ಕೊರತೆ. ಹೋಗುವವರು ಅದನ್ನು ಆರಂಭದಲ್ಲೇ ಕೇಳಿ ಪಡೆಯಬೇಕು.