ನಮ್ಮ ಬಿಲ್ಡಿಂಗಿಗೆ ಬೆಂಕಿ ಬಿದ್ದಾಗ ಬಂದವರು: ದಾವಣಗೆರೆ ಅಗ್ನಿಶಾಮಕ ಸೇವೆಗೆ ಐದಕ್ಕೆ ಐದು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಐದು ಸ್ಟಾರ್. ಬೇಗ ಬಂದರು ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಬಂದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನೋದು ಅವರಿಗೆ ಗೊತ್ತಿತ್ತು. ಓಣಿಯಲ್ಲಿ ಸೇರಿದ್ದ ಜನ ಕೂಗಿದ ಹಾಗೆ ಮಾಡಿದ್ದರೆ ನಾವು ಉಳಿಯುತ್ತಿದ್ದೆವೋ ಇಲ್ಲವೋ.

ನಮ್ಮದು ನಿಟುವಳ್ಳಿ ಕಡೆ ಓಣಿಯೊಳಗಿನ ಬಿಲ್ಡಿಂಗ್. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಅಂತಸ್ತು, ಹತ್ತಿ ಇಳಿಯೋಕೆ ಒಂದೇ ಮೆಟ್ಟಿಲು. ಊರಲ್ಲಿ ಈಗ ಕಟ್ಟುತ್ತಿರೋದೆಲ್ಲ ಹೆಚ್ಚುಕಡಿಮೆ ಹೀಗೇ ಅಲ್ವಾ? ಎಲ್ಲರ ಕರೆಂಟ್ ಮೀಟರ್ ಮೆಟ್ಟಿಲ ಬುಡದಲ್ಲಿ ಒಂದೇ ಬೋರ್ಡಿನಲ್ಲಿವೆ, ಅದಕ್ಕೆ ತಾಗಿಕೊಂಡೇ ಬೈಕು, ಸ್ಕೂಟಿ. ಬೆಳಗಿನ ಜಾವ ಆ ಬೋರ್ಡು ಹೊತ್ತಿಕೊಂಡಿತು. ಪಕ್ಕದ ಬೈಕಿನ ಸೀಟು ಹಿಡಿಯಿತು, ಆಮೇಲೆ ಟೈರು, ಆಮೇಲೆ ಪೆಟ್ರೋಲು. ಬೆಂಕಿ ಕೆಳಗೇ ಇತ್ತು, ಆದರೆ ಹೊಗೆಗೆ ಮೆಟ್ಟಿಲೊಂದೇ ದಾರಿ. ಮಂಡಕ್ಕಿ ಭಟ್ಟಿಯ ಚಿಮಣಿಯಲ್ಲಿ ಏರಿದ ಹಾಗೆ ಕರಿ ಹೊಗೆ ಏರಿತು. ಮೇಲೆ ಟೆರೇಸ್ ಬಾಗಿಲಿಗೆ ಬೀಗ. ಅಲ್ಲಿ ತಡೆದು ಹೊಗೆ ವಾಪಸ್ ಇಳಿಯುತ್ತಾ ಮೇಲಿನಿಂದ ಒಂದೊಂದೇ ಅಂತಸ್ತು ತುಂಬತೊಡಗಿತು.

ನಮ್ಮ ಮನೆಯವರು 112ಕ್ಕೆ ಫೋನ್ ಮಾಡಿದರು. (101 ಕೂಡ ಅಗ್ನಿಶಾಮಕದ್ದೇ ನಂಬರು.) ಆ ಕಡೆಯವರು ಅಡ್ರೆಸ್ ಕೇಳಿದರು, ಹತ್ತಿರದ ಗುರುತು ಕೇಳಿದರು, ಎಷ್ಟು ಅಂತಸ್ತು, ಒಳಗೆ ಎಷ್ಟು ಜನ, ನಡೆಯಲಾಗದವರು ಯಾರಾದರೂ ಇದ್ದಾರಾ ಅಂತ ಕೇಳಿದರು. ಮೆಟ್ಟಿಲಲ್ಲಿ ಹೊಗೆ ಇದ್ದರೆ ಬಾಗಿಲು ತೆಗೆಯಲೇಬೇಡಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಬಾಲ್ಕನಿಗೆ ಹೋಗಿ ಟಾರ್ಚ್ ತೋರಿಸಿ ಅಂದರು. ನಾವು ಬೆಡ್‌ಶೀಟು ನೆನೆಸಿ ತುರುಕಿದೆವು. ಆ ಮಾತೇ ನಮ್ಮನ್ನು ಕಾಪಾಡಿತು. ಮನೆ ಬೆಂಕಿಯಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರೇ ಜಾಸ್ತಿ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಎಚ್ಚರ ತಪ್ಪಿದ್ದೇ ಗೊತ್ತಾಗೋದಿಲ್ಲ. ಮೆಟ್ಟಿಲಿಳಿದು ಓಡಿಬಿಡೋಣ ಅಂತ ಹೊರಟಿದ್ದರೆ ಒಂದು ಅಂತಸ್ತು ದಾಟುವಷ್ಟರಲ್ಲಿ ಬೀಳುತ್ತಿದ್ದೆವು.

ನಸುಕಿನಲ್ಲಿ ರಸ್ತೆ ಖಾಲಿ, ಗಾಡಿ ಬೇಗ ಬಂತು. ಹಗಲಾಗಿದ್ದರೆ ಗಾಂಧಿ ಸರ್ಕಲ್ ದಾಟೋದೇ ಕಷ್ಟ. ಆದರೆ ಓಣಿ ಬಾಯಲ್ಲಿ ಯಾರದೋ ಕಾರು ಅಡ್ಡ ನಿಂತಿತ್ತು. ಅದರ ಯಜಮಾನರನ್ನು ಹುಡುಕುತ್ತಾ ಇವರು ನಿಲ್ಲಲಿಲ್ಲ, ಗಾಡಿ ಅಲ್ಲೇ ಬಿಟ್ಟು ಪೈಪಿನ ಸುರುಳಿ ಬಿಚ್ಚುತ್ತಾ, ಒಂದಕ್ಕೊಂದು ಜೋಡಿಸುತ್ತಾ ಓಡಿಯೇ ಬಂದರು. ಸಂಪು ಎಲ್ಲಿದೆ ಅಂತ ಆಗಲೇ ಕೇಳಿಟ್ಟುಕೊಂಡರು. ದೊಡ್ಡ ಗಾಡಿಯಲ್ಲೂ ಸಾಮಾನ್ಯವಾಗಿ 4,500 ಲೀಟರ್ ನೀರು ಇರೋದು, ಜೋರಾಗಿ ಬಿಟ್ಟರೆ ಕೆಲವೇ ನಿಮಿಷ ಬರುತ್ತದೆ.

ಇಲ್ಲಿಂದ ಮುಂದಿನದ್ದನ್ನು ನಾನು ಬಾಲ್ಕನಿಯಿಂದಲೇ ನೋಡಿದ್ದು. ಕೆಳಗೆ ಜನ "ನೀರು ಬಿಡ್ರೀ" ಅಂತ ಒಂದೇ ಸಮನೆ ಕೂಗುತ್ತಿದ್ದಾರೆ, ಇವರು ನೀರು ಬಿಡುತ್ತಿಲ್ಲ! ನನಗೂ ಆಗ ಸಿಟ್ಟು ಬಂತು. ಆದರೆ ಬೋರ್ಡಿನಲ್ಲಿ ಕರೆಂಟ್ ಇನ್ನೂ ಹರಿಯುತ್ತಿತ್ತು, ಅದರ ಮೇಲೆ ನೀರು ಬಿದ್ದರೆ ಪೈಪ್ ಹಿಡಿದವರಿಗೇ ಶಾಕ್ ಹೊಡೆಯಬಹುದು. ಮೊದಲು ಪೌಡರ್ ಹೊಡೆದು ಬೆಂಕಿ ಹತೋಟಿಗೆ ತಂದರು, ಲೈನ್‌ಮನ್ ಬಂದು ಕಂಬದಲ್ಲೇ ಕರೆಂಟ್ ತೆಗೆದ ಮೇಲೆ ನೀರು ಬಿಟ್ಟರು.

ಟೆರೇಸ್ ಬೀಗದ್ದೂ ಅದೇ ಕಥೆ. ಅಗ್ನಿಶಾಮಕದವರಲ್ಲೇ ಇಬ್ಬರು ಪಕ್ಕದ ಬಿಲ್ಡಿಂಗಿನಿಂದ ನಮ್ಮ ಟೆರೇಸಿಗೆ ದಾಟಿ ನಿಂತಿದ್ದರು, ಕೈಯಲ್ಲಿ ಹಾರೆ ಇತ್ತು, ಬೀಗ ಒಡೀರಿ ಅಂತ ಎಲ್ಲರೂ ಕೂಗಿದರು. ಅವರು ಕೆಳಗಿನವರ ಮಾತಿಗೆ ಕಾಯುತ್ತಿದ್ದರು. ಅವರ ಸಾಹೇಬರು ಆಮೇಲೆ ಬಿಡಿಸಿ ಹೇಳಿದರು, "ಕೆಳಗ ಬೆಂಕಿ ಇರೋವಾಗ ಮ್ಯಾಲಿನ ಬಾಗ್ಲು ತೆಗೆದ್ರ ಗಾಳಿ ಸಿಕ್ಕು ಬೆಂಕಿ ಮೇಲಕ್ಕ ಎಳ್ಕಂತೈತ್ರಿ." ಬೆಂಕಿ ತಗ್ಗಿದ ಮೇಲೆಯೇ ಬೀಗ ಒಡೆದರು. ಬಾಗಿಲು ತೆಗೆದಿದ್ದೇ ತಡ, ಅಷ್ಟು ಹೊಗೆಯೂ ಮೇಲಕ್ಕೆ ಎದ್ದು ಹೋಯಿತು. ಇದು ನಮ್ಮಂಥವರಿಗೆ ಹೊಳೆಯುವ ವಿಷಯವೇ ಅಲ್ಲ.

ಒಂದನೇ ಅಂತಸ್ತಿನವರನ್ನು ಏಣಿ ಹಾಕಿ ಇಳಿಸಿದರು. ಬಾಲ್ಕನಿಗೆ ಪೂರ್ತಿ ಕಬ್ಬಿಣದ ಗ್ರಿಲ್ ಇತ್ತು, ಅದನ್ನು ಕತ್ತರಿಸೋಕೆ ಹೊತ್ತು ಹಿಡಿಯಿತು. ದಯವಿಟ್ಟು ಗ್ರಿಲ್ ಹಾಕಿಸುವವರು ಅದರಲ್ಲಿ ಒಂದು ಚಿಕ್ಕ ಬಾಗಿಲು ಇಡಿಸಿ, ಬೀಗದ ಕೈ ಅಲ್ಲೇ ಹತ್ತಿರದಲ್ಲಿ ಇರಲಿ. ನಾವಿರೋದು ಎರಡನೇ ಅಂತಸ್ತು. ಬೆನ್ನಿಗೆ ಗಾಳಿ ಸಿಲಿಂಡರು, ಮುಖಕ್ಕೆ ಮಾಸ್ಕು ಹಾಕಿಕೊಂಡ ಇಬ್ಬರು ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು. ನಮ್ಮ ಅತ್ತೆಗೆ ಮಂಡಿನೋವು, ನಿಲ್ಲೋದೂ ಕಷ್ಟ, ಮೇಲಾಗಿ ಆ ಮಾಸ್ಕು ನೋಡಿ ಹೆದರಿ ಮಂಚ ಬಿಟ್ಟು ಏಳಲೊಲ್ಲರು. ಒಬ್ಬ ಹುಡುಗ ಮಾಸ್ಕು ಸರಿಸಿ ಮುಖ ತೋರಿಸಿ, "ಅಜ್ಜಿ, ಹೆದರಬ್ಯಾಡ್ರಿ, ನಾನೂ ನಿಮ್ಮ ಮೊಮ್ಮಗನೇ ಅನ್ಕೊಳ್ರಿ" ಅಂದು, ಅವರನ್ನು ಕುರ್ಚಿ ಮೇಲೆ ಕೂರಿಸಿ ಇಬ್ಬರೂ ಹೊತ್ತುಕೊಂಡು ಇಳಿಸಿದರು. ಅತ್ತೆ ಇವತ್ತಿಗೂ ದೇವರಿಗೆ ದೀಪ ಹಚ್ಚುವಾಗ ಆ ಹುಡುಗನ್ನ ನೆನೆಯುತ್ತಾರೆ.

ಎಲ್ಲರೂ ಇಳಿದೆವು ಅಂತ ನಾವು ಹೇಳಿದ ಮೇಲೂ ಅವರು ಸುಮ್ನೆ ಬಿಡಲಿಲ್ಲ. ಮತ್ತೆ ಹತ್ತಿ ಒಂದೊಂದು ಮನೆ, ಬಚ್ಚಲು, ಮಂಚದ ಕೆಳಗೆಲ್ಲ ನೋಡಿದರು. ಹೆದರಿದ ಮಕ್ಕಳು ಅಂಥ ಕಡೆಯೇ ಅಡಗಿ ಕೂರುತ್ತಾರಂತೆ. ಅಡುಗೆಮನೆಗಳ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿದರು. ಆರಿದ ಬೈಕುಗಳ ಮೇಲೆ ಮತ್ತೆ ನೀರು ಹಾಕಿ, ಮುಟ್ಟಿ ನೋಡಿ, ಬೆಳಕು ಹರಿದ ಮೇಲೆಯೇ ಹೊರಟರು. ಕೆಲವರು ದುಡ್ಡು ಕೊಡಲು ಹೋದರು, ಮುಟ್ಟಲಿಲ್ಲ. ಚಹಾ ಕುಡಿದರು ಅಷ್ಟೇ.

ಒಂದೇ ಆಸೆ, ಹಳೇ ಊರಿನ ಓಣಿಗಳಿಗೆ ನುಗ್ಗುವಂಥ ಚಿಕ್ಕ ಗಾಡಿಗಳು ಇವರಿಗೆ ಇನ್ನೂ ಜಾಸ್ತಿ ಸಿಗಲಿ. ಇಂಥ ಕೆಲಸ ಮಾಡುವವರಿಗೆ ಸರ್ಕಾರ ಎಷ್ಟು ಕೊಟ್ಟರೂ ಕಡಿಮೆಯೇ.

ಬೈಕು ಸುಟ್ಟವರು ವಿಮೆಗೆ ಬೆಂಕಿ ಅನಾಹುತದ ವರದಿ ಬೇಕು ಅಂತ ಅಗ್ನಿಶಾಮಕ ಠಾಣೆಗೆ ಅರ್ಜಿ ಕೊಟ್ಟಿದ್ದಾರೆ, ಫೋಟೋ ತೆಗೆದಿಟ್ಟುಕೊಂಡಿದ್ದು ಒಳ್ಳೆಯದಾಯಿತು. ನಮ್ಮ ಬಿಲ್ಡಿಂಗಿನಲ್ಲಿ ಮೀಟರ್ ಬೋರ್ಡಿನ ಹತ್ತಿರ ಈಗ ಗಾಡಿ ನಿಲ್ಲಿಸೋದಿಲ್ಲ, ಟೆರೇಸಿಗೆ ಬೀಗದ ಬದಲು ಒಳಗಿನಿಂದ ಚಿಲಕ ಹಾಕಿದ್ದೇವೆ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಇರುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿದಾಗ ಸತ್ತ ಅಗ್ನಿಶಾಮಕರ ನೆನಪಿಗೆ ಅದು. ಆ ವಾರ ನಮ್ಮ ಓಣಿಗೆ ಬಂದು ಬೆಂಕಿ ಆರಿಸೋದು ಹೇಗೆ ಅಂತ ತೋರಿಸಿಕೊಡಿ ಅಂತ ಕೇಳಿದ್ದೇವೆ, ಬರುತ್ತೇವೆ ಅಂದಿದ್ದಾರೆ. ಓಣಿ ಬಾಯಲ್ಲಿ ಕಾರು ನಿಲ್ಲಿಸುವವರನ್ನೂ ಅವತ್ತು ಕರೆಯುತ್ತೇವೆ.