1,499 ಕೊಟ್ಟು ತಗೊಂಡ ಮೈಲೇಜ್ ಚಿಪ್, ನಾಲ್ಕು ಟ್ಯಾಂಕ್ ಆದ್ಮೇಲೆ ಬರೀತಿದೀನಿ

ಮೊದ್ಲೇ ಹೇಳ್ಬಿಡ್ತೀನಿ, ತಗೋಬೇಡಿ. ಸ್ಟೇರಿಂಗ್ ಕೆಳಗಿರೋ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ಚೆಕ್ ಮಾಡೋಕೆ ಮೆಕ್ಯಾನಿಕ್‌ಗಳು ವೈರ್ ಹಾಕೋ ಸಾಕೆಟ್) ಚುಚ್ಚೋ ಹಸಿರು ಡಬ್ಬಿ, "ಫ್ಯೂಯಲ್ ಸೇವರ್" ಅಂತ ಆನ್‌ಲೈನಲ್ಲಿ ಹತ್ತಾರು ಹೆಸರಲ್ಲಿ ಸಿಗತ್ತಲ್ಲ, ಅದೇ. ನಾನು ತಗೊಂಡ ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಫೋಟೋಗಳನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ಎಲ್ಲಾ ಒಂದೇ ಮಾಲು, ಮೇಲೆ ಅಂಟಿಸಿರೋ ಸ್ಟಿಕರ್ ಮಾತ್ರ ಬೇರೆ.

ಇದನ್ನ ಬರೀಲೇಬೇಕು ಅನ್ಸಿದ್ದು ನಮ್ಮ ಕೆಳಗಿನ ಮನೆ ಹುಡುಗನಿಂದ. ಕ್ಯಾಬ್ ಓಡಿಸ್ತಾನೆ, ಮೊನ್ನೆ ಪಾರ್ಕಿಂಗಲ್ಲಿ ಸಿಕ್ಕಿ "ಅಣ್ಣ, ಆ ಚಿಪ್ ಕೆಲ್ಸ ಮಾಡ್ತಾ, ನಾನೂ ಒಂದು ಆರ್ಡರ್ ಹಾಕ್ಲಾ" ಅಂತ ಕೇಳ್ದ. ಬೆಳಿಗ್ಗೆ ಐದಕ್ಕೆ ಏರ್‌ಪೋರ್ಟ್ ಡ್ಯೂಟಿಗೆ ಹೊರಡೋ ಹುಡುಗ, ಅವನ ದುಡ್ಡು ಹಿಂಗೆ ಹೋದ್ರೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ.

ನನ್ನ ಕಾರು 2015ರ ಹ್ಯಾಚ್‌ಬ್ಯಾಕ್, 1.2 ಲೀಟರ್ ಪೆಟ್ರೋಲ್. ಮನೆ ಕತ್ರಿಗುಪ್ಪೆ, ಆಫೀಸು ಬೆಳ್ಳಂದೂರು, ಹೋಗಿ ಬರೋದಕ್ಕೆ ಸುಮಾರು 36 ಕಿಲೋಮೀಟರ್, ಅಂದ್ರೆ ತಿಂಗಳಿಗೆ 800ರ ಹತ್ರ. 2024ರ ಜೂನಲ್ಲಿ ರಾಜ್ಯ ಸರ್ಕಾರ ಟ್ಯಾಕ್ಸ್ ಏರ್ಸಿ ಲೀಟರಿಗೆ ಮೂರು ರೂಪಾಯಿ ಜಾಸ್ತಿ ಆಗಿ ಬೆಂಗಳೂರಲ್ಲಿ ಪೆಟ್ರೋಲ್ ಮತ್ತೆ ನೂರು ದಾಟ್ತಲ್ಲ, ಆವಾಗಿಂದ ನಾನು ಡೈರೀಲಿ ಲೆಕ್ಕ ಬರೆಯೋಕೆ ಶುರು ಮಾಡಿದ್ದೆ. ಹಂಗಾಗಿ ಚಿಪ್ ಬರೋದಕ್ಕಿಂತ ಮುಂಚಿನ ಲೆಕ್ಕಾನೂ ಕೈಯಲ್ಲಿತ್ತು. ಯಾವಾಗ್ಲೂ ಒಂದೇ ಬಂಕ್, ಒಂದೇ ಪಂಪ್, ಪೈಪ್ ತಾನಾಗೇ ಟಕ್ ಅಂತ ಕಟ್ ಆದ ತಕ್ಷಣ ಸಾಕು, ಆಮೇಲೆ ಹುಡುಗ ರೌಂಡ್ ಫಿಗರ್ ಮಾಡ್ಲಾ ಸಾರ್ ಅಂದ್ರೂ ಬೇಡ. ಟ್ರಿಪ್ ಮೀಟರ್ ಸೊನ್ನೆ ಮಾಡೋದು, ಮುಂದಿನ ಸಲ ಎಷ್ಟು ಲೀಟರ್ ಹಿಡಿತೋ ಅದರಿಂದ ಕಿಲೋಮೀಟರನ್ನ ಭಾಗಿಸೋದು. ಒಂದು ಟ್ಯಾಂಕಿನ ಲೆಕ್ಕ ನಂಬಬೇಡಿ, ಪೈಪ್ ಒಂದ್ಸಲ ಬೇಗ ಕಟ್ ಆಗತ್ತೆ ಒಂದ್ಸಲ ತಡವಾಗಿ, ಕನಿಷ್ಠ ಮೂರ್ನಾಲ್ಕು ಸೇರ್ಸಿ ಸರಾಸರಿ ತೆಗೀಬೇಕು.

ಚಿಪ್ ಹಾಕೋ ಮುಂಚೆ ನಾಲ್ಕು ಟ್ಯಾಂಕ್: 11.4, 11.8, 11.2, 11.6. ಹಾಕಿದ್ಮೇಲೆ ನಾಲ್ಕು ಟ್ಯಾಂಕ್: 11.3, 11.9, 11.5, 11.3. ಎರಡನ್ನೂ ಬೇರೆಬೇರೆ ಕೂಡಿ ಭಾಗಿಸಿದ್ರೂ ಸರಾಸರಿ 11.5, ಒಂದು ಕೂದಲೆಳೆ ಆಚೀಚೆ ಇಲ್ಲ. ಪ್ಯಾಕೆಟ್ ಮೇಲೆ 15ರಿಂದ 35 ಪರ್ಸೆಂಟ್ ಉಳಿತಾಯ ಅಂತ ದಪ್ಪ ಅಕ್ಷರದಲ್ಲಿದೆ.

ಇನ್ನೊಂದು ವಿಷ್ಯ ಗಮನಿಸಿ. "250 ಕಿಲೋಮೀಟರ್ ಓಡಿಸಿದ್ಮೇಲೆ ನಿಮ್ಮ ಡ್ರೈವಿಂಗ್ ಕಲ್ಕೊಂಡು ಕೆಲ್ಸ ಶುರು ಮಾಡತ್ತೆ" ಅಂತ ಬರ್ದಿರ್ತಾರೆ, ರಿಟರ್ನ್ ಮಾಡೋಕೆ ಏಳೇ ದಿನ. ನನ್ನಂಗೆ ಆಫೀಸಿಗೆ ಓಡಾಡೋರಿಗೆ ಒಂದು ವಾರಕ್ಕೆ 180 ಕಿಲೋಮೀಟರ್ ಆದ್ರೆ ಹೆಚ್ಚು. ಅದು ಕಲಿಯೋದ್ರೊಳಗೆ ವಾಪಸ್ ಕೊಡೋ ದಿನ ಮುಗ್ದಿರತ್ತೆ! ನಾನು ಕಸ್ಟಮರ್ ಕೇರಿಗೆ ಫೋನ್ ಮಾಡಿದ್ದಕ್ಕೆ ಅವರು ಹೇಳಿದ್ದು ಅಷ್ಟೇ, ಟೈಮ್ ಆಗೋಗಿದೆ ಸಾರ್ ಅಂತ.

ಹೋದ ದುಡ್ಡು ಹೋಯ್ತು, ಒಳಗೇನಿದೆ ನೋಡೋಣ ಅಂತ ಭಾವನ ಹತ್ರ ತಗೊಂಡೋದೆ. ಅವರು ಎಲೆಕ್ಟ್ರಾನಿಕ್ಸ್ ಕೆಲ್ಸದವರು, ಎಸ್‌ಪಿ ರೋಡಲ್ಲಿ ಪ್ರತಿ ಅಂಗಡಿಯೋರೂ ಪರಿಚಯ. ಸಣ್ಣ ಸ್ಕ್ರೂಡ್ರೈವರ್ ತುದಿ ಹಾಕಿ ಮೀಟಿದ್ರು, ಡಬ್ಬಿ ಬಾಯಿ ಬಿಡ್ತು. ಒಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಬೋರ್ಡು, ಒಂದು ಬಟನ್ನು, ಮೂರು ಎಲ್‌ಇಡಿ, ಎಂಟು ಕಾಲಿನ ಒಂದು ಪುಟ್ಟ ಐಸಿ, ನಾಲ್ಕೈದು ರೆಸಿಸ್ಟರ್. ಭಾವ ಮೀಟರ್ ಇಟ್ಟು ಒಂದೊಂದೇ ಪಿನ್ ನೋಡ್ತಾ ಬಂದ್ರು. ಕಾರಿನ ಕಂಪ್ಯೂಟರ್ ಜೊತೆ ಮಾತಾಡ್ಬೇಕು ಅಂದ್ರೆ ಕ್ಯಾನ್ ಟ್ರಾನ್ಸೀವರ್ ಅಂತ ಒಂದು ಚಿಪ್ ಬೇಕಂತೆ, ಅದೇ ಇಲ್ಲ. ಬ್ಯಾಟರಿ ಕರೆಂಟ್ ತಗೊಂಡು ಲೈಟು ಮಿಣುಕ್ಸೋದು, ಅಷ್ಟೇ ಅದರ ಕೆಲ್ಸ. ಅಮೆರಿಕದ ಪರಿಸರ ಇಲಾಖೆ ಇಪಿಎ ಇಂಥ ಪೆಟ್ರೋಲ್ ಉಳಿಸೋ ಸಾಮಾನು ನೂರಕ್ಕೂ ಹೆಚ್ಚು ಪರಿಶೀಲನೆ ಮಾಡಿದೆ, ಹೇಳ್ಕೊಳ್ಳೋ ಅಷ್ಟು ಮೈಲೇಜ್ ಕೊಡೋದು ಒಂದೂ ಸಿಕ್ಕಿಲ್ಲ. ಸಿಗೋದು ಹೆಂಗೆ, ಸೈಲೆನ್ಸರ್ ಪೈಪಲ್ಲಿರೋ ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಇಸಿಯು, ಅಂದ್ರೆ ಅದೇ ಕಾರಿನ ಕಂಪ್ಯೂಟರ್, ಪ್ರತಿ ಕ್ಷಣಾನೂ ಪೆಟ್ರೋಲ್ ಹೆಚ್ಚುಕಮ್ಮಿ ಮಾಡ್ತಾನೇ ಇರತ್ತೆ, ಅದರ ಕಣ್ಣು ತಪ್ಸಿ 30 ಪರ್ಸೆಂಟ್ ಎಲ್ಲೂ ವೇಸ್ಟ್ ಆಗ್ತಿರಲ್ಲ.

ಹಾಗಾದ್ರೆ ಹೊಸದ್ರಲ್ಲಿ 15 ಕೊಡ್ತಿದ್ದ ನನ್ನ ಕಾರಲ್ಲಿ ಪೆಟ್ರೋಲ್ ಎಲ್ಲಿಗೆ ಹೋಗ್ತಿತ್ತು? ಅದು ಗೊತ್ತಾಗಿದ್ದು ನಮ್ಮ ಏರಿಯಾದ ಒಂದು ಶೆಡ್ಡಲ್ಲಿ. ಬೋರ್ಡೂ ಇಲ್ಲ, ಶೀಟ್ ಹೊದ್ಸಿರೋ ಗ್ಯಾರೇಜ್, ಒಬ್ರು ಭಾಯ್ ಒಬ್ಬ ಹುಡುಗ ಇಬ್ಬರೇ. ಅದಕ್ಕೂ ಮುಂಚೆ ಒಂದು ದೊಡ್ಡ ಸರ್ವಿಸ್ ಸೆಂಟರಲ್ಲಿ ಗಾಡಿ ಮುಟ್ಟದೇನೇ ಇಂಜಿನ್ ಡೀಕಾರ್ಬನೈಸಿಂಗ್ (ಒಳಗಿನ ಮಸಿ ತೆಗೆಯೋದು) ಮಾಡ್ಸಿ, 2,800 ಆಗತ್ತೆ ಅಂದಿದ್ರು. ಭಾಯ್ ಬಾನೆಟ್ ಕೂಡ ತೆಗೀಲಿಲ್ಲ. "ಈಗ ಗಾಡಿ ಓಡಿಸ್ಕೊಂಡು ಬಂದ್ರಲ್ಲ ಸಾರ್, ನಾಲ್ಕೂ ವೀಲ್ ಹತ್ರ ಕೈ ಹಿಡೀರಿ, ಮುಟ್ಬೇಡಿ" ಅಂದ್ರು. ಮೂರು ಬೆಚ್ಚಗಿತ್ತು, ಮುಂದಿನ ಎಡಗಡೇದು ದೋಸೆ ಹೆಂಚಿನ ಥರ ಶಾಖ ಹೊಡೀತಿತ್ತು. ಜಾಕ್ ಹಾಕಿ ಎತ್ತಿ ಕೈಯಲ್ಲಿ ತಿರುಗ್ಸಿದ್ರು, ಬಲಗಡೆ ವೀಲ್ ಸಲೀಸಾಗಿ ಸುತ್ತು ಹೊಡೀತು, ಎಡಗಡೇದು ಗರ್ ಅಂತ ಅರ್ಧ ಸುತ್ತಿಗೇ ನಿಂತೋಯ್ತು. ಬ್ರೇಕ್ ಹಿಡ್ಕೊಂಡಿತ್ತು. ಬ್ರೇಕ್ ಪ್ಯಾಡನ್ನ ಒತ್ತೋ ಕ್ಯಾಲಿಪರ್ ಜಾರೋ ಪಿನ್ನಲ್ಲಿ ಗ್ರೀಸ್ ಒಣಗಿ ತುಕ್ಕು ಬಂದಿತ್ತು, ನಾನು ಬ್ರೇಕಿಂದ ಕಾಲು ತೆಗೆದ್ರೂ ಪ್ಯಾಡು ಬಿಡ್ತಾನೇ ಇರ್ಲಿಲ್ಲ. ಅಂದ್ರೆ ಎಷ್ಟು ದಿನದಿಂದಾನೋ ದಿನಾ ಸಿಲ್ಕ್ ಬೋರ್ಡ್ ತನಕ ಬ್ರೇಕ್ ಒತ್ಕೊಂಡೇ ಗಾಡಿ ಓಡಿಸ್ತಿದ್ದೆ! ಪಿನ್ ಬಿಚ್ಚಿ ಉಜ್ಜಿ ಹೊಸ ಗ್ರೀಸ್ ಹಾಕಿ, ರಬ್ಬರ್ ಬೂಟ್ ಬದಲಾಯ್ಸಿ, ನಾಲ್ಕೂ ವೀಲ್ ಕ್ಲೀನ್ ಮಾಡಿ 750 ರೂಪಾಯಿ ತಗೊಂಡ್ರು.

ಏರ್ ಫಿಲ್ಟರ್ ಬದಲಾಯ್ಸಿ ಭಾಯ್ ಅಂದೆ, "ಚೆನ್ನಾಗಿದೆ ಸಾರ್, ಬದಲಾಯ್ಸಿದ್ರೂ ಮೈಲೇಜ್ ಏನೂ ಬರಲ್ಲ, ಸುಮ್ನೆ ಯಾಕೆ" ಅಂತ ಧೂಳು ಕೊಡವಿ ವಾಪಸ್ ಹಾಕಿದ್ರು. ಅವರು ಹೇಳಿದ್ದು ನಿಜ, ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡೀಲಿ ಫಿಲ್ಟರ್ ಕಟ್ಕೊಂಡ್ರೆ ಪಿಕಪ್ ಕಮ್ಮಿ ಆಗತ್ತೆ, ಮೈಲೇಜ್ ಹೆಚ್ಚೇನೂ ಬೀಳಲ್ಲ, ಹಳೇ ಕಾರ್ಬುರೇಟರ್ ಗಾಡಿಗಳ ಕಥೆ ಬೇರೆ. ಮಾರ್ಕೊಳ್ಳೋ ಚಾನ್ಸ್ ಇದ್ರೂ ಮಾರ್ಲಿಲ್ವಲ್ಲ, ಅದಕ್ಕೇ ನಾನು ಇವರಿಗೆ ಐದಕ್ಕೆ ಐದು ಸ್ಟಾರ್ ಕೊಡೋದು.

ಟೈರ್ ಗಾಳಿ ನೋಡೋಕೆ 350 ರೂಪಾಯಿದೊಂದು ಗೇಜ್ ತಗೊಳ್ಳಿ ಅಂದಿದ್ದೂ ಅವರೇ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕರಲ್ಲಿ 30 ಪಿಎಸ್‌ಐ ಅಂತಿದೆ, ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ನೋಡಿದ್ರೆ 24, 23, 26, 22. ಬಂಕಿಗೆ ಓಡಿಸ್ಕೊಂಡು ಹೋಗಿ ಚೆಕ್ ಮಾಡ್ಸಿದ್ರೆ ಟೈರ್ ಬಿಸಿಯಾಗಿ ಮೂರ್ನಾಲ್ಕು ಪಾಯಿಂಟ್ ಜಾಸ್ತಿ ತೋರ್ಸತ್ತೆ, ಹಂಗಾಗಿ ಯಾವಾಗ್ಲೂ ಕಮ್ಮಿನೇ ಉಳ್ಕೊಳ್ಳತ್ತೆ. ಒಂದು ಪಿಎಸ್‌ಐ ಕಮ್ಮಿಗೆ ಮೈಲೇಜ್ ಬೀಳೋದು ಸುಮಾರು 0.2 ಪರ್ಸೆಂಟ್ ಅಷ್ಟೇ, ದೊಡ್ಡ ಲೆಕ್ಕ ಅಲ್ಲ, ಆದ್ರೆ ಗಾಳಿ ಸರಿಯಿದ್ರೆ ಟೈರ್ ಅಂಚು ಸವೆಯೋದು ತಪ್ಪತ್ತೆ.

ಬ್ರೇಕ್, ಗಾಳಿ ಎರಡೂ ಸರಿ ಆದ್ಮೇಲೆ ಮೂರು ಟ್ಯಾಂಕ್: 13.1, 13.4, 13.1. ಆಮೇಲೆ ಓಡಿಸೋ ರೀತೀನೂ ಸ್ವಲ್ಪ ತಿದ್ಕೊಂಡೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆ ಹೋಗೋ ಡಬಲ್ ಡೆಕ್ಕರ್ ಫ್ಲೈಓವರ್ ಇಳಿಯುವಾಗ ಮುಂಚೆ ನ್ಯೂಟ್ರಲ್ ಹಾಕ್ತಿದ್ದೆ, ಪೆಟ್ರೋಲ್ ಉಳಿಯತ್ತೆ ಅಂತ ನಮ್ಮಪ್ಪ ಹೇಳ್ಕೊಟ್ಟಿದ್ದು. ಅದು ಅವರ ಕಾಲದ ಗಾಡಿಗೆ ಸರಿ. ಈಗಿನ ಗಾಡೀಲಿ ಗೇರಲ್ಲೇ ಇಟ್ಟು ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಇಂಜೆಕ್ಟರ್ ಪೆಟ್ರೋಲನ್ನ ಪೂರ್ತಿ ನಿಲ್ಸತ್ತೆ, ನ್ಯೂಟ್ರಲ್ ಹಾಕಿದ್ರೆ ಇಂಜಿನ್ ಆಫ್ ಆಗದೇ ಇರ್ಲಿ ಅಂತ ಕುಡೀತಾನೇ ಇರತ್ತೆ. ಬ್ರೇಕಿಗೂ ಒಳ್ಳೇದು. ಸಿಗ್ನಲ್ಲಲ್ಲಿ ಕೆಂಪು ನಂಬರ್ 60ರ ಮೇಲಿದ್ರೆ ಆಫ್. ಮುಂದೆ ಬ್ರೇಕ್ ಲೈಟುಗಳ ಸಾಲು ಕಾಣ್ತಿದ್ದಂಗೇ ಕಾಲು ತೆಗೆದ್ಬಿಡ್ತೀನಿ, ಹಿಂದಿನವ್ರು ಹಾರ್ನ್ ಹೊಡೆದ್ರೆ ಹೊಡ್ಕೊಳ್ಳಲಿ. ಈಗ 14 ಬರ್ತಿದೆ. ತಿಂಗಳಿಗೆ 12 ಲೀಟರ್ ಚಿಲ್ಲರೆ ಉಳೀತಿದೆ, ಹತ್ತಿರ ಹತ್ತಿರ 1,280 ರೂಪಾಯಿ, ಅಂದ್ರೆ ಭಾಯ್ ತಗೊಂಡ ದುಡ್ಡು, ಗೇಜಿನ ದುಡ್ಡು ಎರಡೂ ಒಂದೇ ತಿಂಗಳಲ್ಲಿ ವಾಪಸ್ ಬಂತು.

ಹೊಸದ್ರಲ್ಲಿ ಇದೇ ಗಾಡಿ ಇದೇ ರೋಡಲ್ಲಿ 15 ಕೊಡ್ತಿತ್ತು, ಅದು ಇನ್ನು ಬರಲ್ಲ ಅಂತ ಒಪ್ಕೊಂಡಿದೀನಿ. ಈಗ ಬಂಕಲ್ಲಿ ಸಿಗೋದು ಇ20, ಐದರಲ್ಲಿ ಒಂದು ಭಾಗ ಎಥನಾಲ್, ಒಂದು ಲೀಟರ್ ಎಥನಾಲಲ್ಲಿರೋ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗ ಅಷ್ಟೇ. ಹಳೇ ಕಾರುಗಳಲ್ಲಿ 6-7 ಪರ್ಸೆಂಟ್ ಮೈಲೇಜ್ ಬೀಳಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ಇದಕ್ಕೆ ಮೆಕ್ಯಾನಿಕ್ ಏನೂ ಮಾಡೋಕಾಗಲ್ಲ, ಚಿಪ್ ಮಾರೋನಂತೂ ಮೊದ್ಲೇ ಮಾಡಕ್ಕಾಗಲ್ಲ.

ಕೆಳಗಿನ ಮನೆ ಹುಡುಗ ಆರ್ಡರ್ ಕ್ಯಾನ್ಸಲ್ ಮಾಡ್ದ, ಅವನ ಗಾಡೀದು ಹಿಂದಿನ ವೀಲ್ ಒಂದು ಬಿಸಿ ಆಗ್ತಿದ್ಯಂತೆ, ಈ ವಾರ ಭಾಯ್ ಹತ್ರ ಕರ್ಕೊಂಡು ಹೋಗ್ತಿದೀನಿ. ನೀವೂ ನಿಮ್ಮ ಏರಿಯಾದಲ್ಲಿ ಇಂಥವರೊಬ್ಬರನ್ನ ಹುಡುಕ್ಕೊಳ್ಳಿ. ಹೋಗುವಾಗ ಗಾಡೀನ ಒಂದು ಐದಾರು ಕಿಲೋಮೀಟರ್ ಓಡಿಸ್ಕೊಂಡೇ ಹೋಗಿ, ತಣ್ಣಗಿರೋ ವೀಲಲ್ಲಿ ಏನೂ ಗೊತ್ತಾಗಲ್ಲ.