ಮೊದಲು ಕೇಳಬೇಕಾದ್ದು ವಿವಾಲ್ಡಿಯೋ, ಬಾಖೋ?

ಒಂದೇ ಕೃತಿ, ಎರಡು ರೂಪ. ವೆನಿಸ್‌ನ ಸಂಗೀತ ರಚನಕಾರ ವಿವಾಲ್ಡಿ ನಾಲ್ಕು ವಯಲಿನ್‌ಗಳಿಗೆ ಬರೆದ ಬಿ ಮೈನರ್ ಶ್ರುತಿಯ ಕಾನ್ಚೆರ್ಟೊ (ಮುಖ್ಯ ವಾದ್ಯಗಳು ವಾದ್ಯಮೇಳದ ಜೊತೆ ನುಡಿಸುವ ಕೃತಿ) 1711ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಸುಮಾರು 1730ರಲ್ಲಿ ಜರ್ಮನಿಯ ಬಾಖ್ ಅದನ್ನೇ ಎ ಮೈನರ್‌ಗೆ ಇಳಿಸಿ, ನಾಲ್ಕು ಹಾರ್ಪ್ಸಿಕಾರ್ಡ್‌ಗಳಿಗೆ (ಪಿಯಾನೊಗಿಂತ ಹಳೆಯ ಕೀಬೋರ್ಡ್ ವಾದ್ಯ) ಹೊಂದಿಸಿದರು.

ಹೊಸದಾಗಿ ಕೇಳುವವರು ವಿವಾಲ್ಡಿಯಿಂದಲೇ ಶುರು ಮಾಡಿ. ವಯಲಿನ್ ನಮ್ಮ ಕಿವಿಗೆ ಪರಿಚಿತ, ಅಲ್ವಾ? ಒಂದು ವಯಲಿನ್ ಎತ್ತಿದ ಮಾತನ್ನು ಇನ್ನೊಂದು ಮುಂದುವರಿಸುವುದು ಸ್ಪಷ್ಟವಾಗಿ ಕೇಳುತ್ತದೆ. ನಡುವಿನ ನಿಧಾನ ಭಾಗದಲ್ಲಂತೂ ನಾಲ್ಕೂ ಒಂದೇ ಸ್ವರಗುಚ್ಛವನ್ನು ನಾಲ್ಕು ಬಗೆಯಲ್ಲಿ ಬಿಡಿಸುತ್ತವೆ, ಹೆಂಚಿನ ಮೇಲೆ ಮಳೆ ಹನಿ ಬಿದ್ದ ಹಾಗೆ. ನನಗೆ ಇದೇ ಹೆಚ್ಚು ಇಷ್ಟ.

ಕೀಬೋರ್ಡ್ ನುಡಿಸುವವರಾದರೆ ಬಾಖ್ ಜಾಸ್ತಿ ಹಿಡಿಸಬಹುದು. ಹಾರ್ಪ್ಸಿಕಾರ್ಡ್ ತಂತಿ ಮೀಟುವ ವಾದ್ಯ. ಸ್ವರ ಬೇಗ ಅಡಗುತ್ತದೆ. ಬಾಖ್ ಎಡಗೈಗೂ ಕೆಲಸ ಕೊಟ್ಟಿದ್ದಾರೆ, ನೇಯ್ಗೆ ದಟ್ಟವಾಗಿದೆ. ಎರಡೂ ಹೆಚ್ಚುಕಮ್ಮಿ 10 ನಿಮಿಷದವು.